ಹಳೆ ಮಾರುತಿ 800ರ ಸ್ಟೀರಿಂಗ್ ಲೊಡಲೊಡ ಅಂತಿದೆಯಾ? ಹುಡುಕುವುದು, ಬಿಗಿ ಮಾಡುವುದು ಹೀಗೆ

ನಮ್ಮ ಮನೆಯ ಮಾರುತಿ 800 ಅಪ್ಪ ಕೊಂಡಿದ್ದು. 1997ರ ಗಾಡಿ. ಮೂರು ವರ್ಷದ ಹಿಂದೆ ಅದರ ಸ್ಟೀರಿಂಗ್ ಸಡಿಲ ಆಯಿತು. ನೇರ ರಸ್ತೆಯಲ್ಲೂ ಆ ಕಡೆ ಈ ಕಡೆ ತಿದ್ದುತ್ತಲೇ ಇರಬೇಕಿತ್ತು. ಹಂಪ್ ಹತ್ತಿ ಇಳಿದರೆ ಡ್ಯಾಶ್‌ಬೋರ್ಡಿನ ಕೆಳಗಿಂದ ಟಕ್ ಅಂತ ಸದ್ದು. ಗ್ಯಾರೇಜಿಗೆ ಬಿಟ್ಟೆ. ಎರಡೂ ಕಡೆ ಟೈ ರಾಡ್ ಎಂಡ್ (ಚಕ್ರವನ್ನು ತಿರುಗಿಸುವ ಸರಳಿನ ತುದಿ) ಬದಲಾಯಿಸಿದರು, ಅಲೈನ್‌ಮೆಂಟ್ ಮಾಡಿದರು. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ.

ಆಮೇಲೆ ಒಂದು ಭಾನುವಾರ ನಾನೇ ಪೆಡಲ್‌ಗಳ ಹತ್ತಿರ ತಲೆ ತೂರಿಸಿ ಮಲಗಿದೆ. ತಮ್ಮನಿಗೆ ಸ್ಟೀರಿಂಗ್ ಅಲ್ಲಾಡಿಸಲು ಹೇಳಿದೆ. ಸ್ಟೀರಿಂಗಿನಿಂದ ಕೆಳಕ್ಕೆ ಬರುವ ಕಾಲಂ ಶಾಫ್ಟಿನ ಕೆಳಗಿನ ಜಾಯಿಂಟಿನ ಮೇಲೆ ಬೆರಳಿಟ್ಟಾಗ ಬೆರಳಿಗೇ ಟಕ್ ಅಂತ ತಾಗಿತು. ಬೋಲ್ಟ್ ಹಿಡಿದು ತಿರುಗಿಸಿದರೆ ಕೈಯಲ್ಲೇ ತಿರುಗಿತು. ಆ ಒಂದು ಬೋಲ್ಟ್ ಪೂರ್ತಿ ಸಡಿಲ ಆಗಿ ಬಿದ್ದುಹೋಗಿದ್ದರೆ, ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ಒಂದು ಕಡೆ, ಚಕ್ರ ಇನ್ನೊಂದು ಕಡೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಝುಂ ಅನ್ನುತ್ತದೆ.

ಸ್ಟೀರಿಂಗ್ ಸಡಿಲ ಆಗಿರುವುದು ಗೊತ್ತಾಗುವುದು ಕೈಗೆ. ಆದರೆ ಸಡಿಲ ಆಗಿರುವುದು ಕೈಯಿಂದ ಟೈರಿನ ತನಕ ಎಲ್ಲಿ ಬೇಕಾದರೂ ಇರಬಹುದು. ಅದಕ್ಕೇ ಮೊದಲು ಹುಡುಕಬೇಕು, ಆಮೇಲೆ ಸ್ಪ್ಯಾನರ್ ಹಿಡಿಯಬೇಕು. ಈ ಬರಹದ ಮೊದಲ ಭಾಗ ಹುಡುಕುವುದರ ಬಗ್ಗೆಯೇ ಇದೆ. ಬಿಗಿ ಮಾಡುವ ಕೆಲಸ ಹತ್ತು ನಿಮಿಷದ್ದು.

ಮಾರುತಿ 800 ಇಟ್ಟುಕೊಂಡೇ ಹೇಳುತ್ತೇನೆ. 1983ರಲ್ಲಿ ಬಂದು 2014ರವರೆಗೆ ತಯಾರಾದ ಗಾಡಿ ಇದು. ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿವೆ. ಇದರಲ್ಲಿ ಏರ್‌ಬ್ಯಾಗ್ ಇಲ್ಲ. ಹಾಗಾಗಿ ಮನೆಯಲ್ಲೇ ಸ್ಟೀರಿಂಗ್ ಬಿಚ್ಚಬಹುದು. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದ್ದರೆ ಸ್ಟೀರಿಂಗ್ ವೀಲ್ ಬಿಚ್ಚುವ ಭಾಗವನ್ನು ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಅದು ಸಿಡಿದರೆ ಮುಖಕ್ಕೇ ಹೊಡೆಯುತ್ತದೆ.

ಕೈಯಿಂದ ಟೈರಿಗೆ ಹೋಗುವ ದಾರಿ

ಸ್ಟೀರಿಂಗ್ ವೀಲ್ ಒಂದು ಶಾಫ್ಟಿನ ಹಲ್ಲುಗಳ ಮೇಲೆ ಕೂತಿರುತ್ತದೆ, ಮೇಲಿಂದ ಒಂದು ನಟ್ ಹಿಡಿದಿರುತ್ತದೆ. ಆ ಶಾಫ್ಟ್ ಒಂದು ಕೊಳವೆಯೊಳಗೆ ತಿರುಗುತ್ತದೆ. ಕೊಳವೆಯ ಹೆಸರೇ ಕಾಲಂ. ಕಾಲಂ ಅನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬ್ರ್ಯಾಕೆಟ್ ಮತ್ತು ಬೋಲ್ಟ್ ಹಾಕಿ ನಿಲ್ಲಿಸಿರುತ್ತಾರೆ. ಶಾಫ್ಟಿನ ಕೆಳತುದಿ ಜಾಯಿಂಟಿನ ಮೂಲಕ ಸಣ್ಣ ಹಲ್ಲುಚಕ್ರವಾದ ಪಿನಿಯನ್‌ಗೆ ಸೇರುತ್ತದೆ. ಪಿನಿಯನ್ ರ‍್ಯಾಕನ್ನು ಎಡಕ್ಕೂ ಬಲಕ್ಕೂ ತಳ್ಳುತ್ತದೆ, ಅದು ಹಲ್ಲುಗಳಿರುವ ಉದ್ದ ಸರಳು. ರ‍್ಯಾಕಿನ ಎರಡು ತುದಿಯಿಂದ ಟೈ ರಾಡ್ ಹೋಗಿ ಚಕ್ರವನ್ನು ತಿರುಗಿಸುತ್ತದೆ.

ಒಂದೊಂದು ಜೋಡಣೆಯಲ್ಲೂ ಚೂರು ಚೂರು ಸವೆತ ಸೇರಿದರೆ ಸ್ಟೀರಿಂಗಿನಲ್ಲಿ ಜಾಸ್ತಿ ಪ್ಲೇ ಬರುತ್ತದೆ, ಅಂದರೆ ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲುಗುತ್ತದೆ. ನಮ್ಮ ಮೆಕ್ಯಾನಿಕ್‌ಗಳೂ ಇದಕ್ಕೆ ಪ್ಲೇ ಅಂತಲೇ ಹೇಳುತ್ತಾರೆ.

ಅಲುಗಾಟ ಯಾವ ಕಡೆಗೆ?

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ, ಆದರೆ ಕೀ ಒಳಗಿರಲಿ, ಸ್ಟೀರಿಂಗ್ ಲಾಕ್ ಬಿಟ್ಟಿರಲಿ. ಲಾಕ್ ಆಗಿರುವಾಗ ಎಳೆದಾಡಿದರೆ ಲಾಕೇ ಹಾಳಾಗುತ್ತದೆ.

ಟೈರಿನ ಗಾಳಿಯನ್ನೂ ಒಮ್ಮೆ ನೋಡಿಬಿಡಿ. ಗಾಳಿ ಕಡಿಮೆ ಇದ್ದರೂ ಸ್ಟೀರಿಂಗ್ ಅಳ್ಳಕ ಆದಂತೆ ಅನಿಸುತ್ತದೆ.

ಈಗ ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಕೆಳಕ್ಕೆ ಅಲ್ಲಾಡಿಸಿ. ಇಡೀ ಕಾಲಂ, ಇಂಡಿಕೇಟರ್ ಕಡ್ಡಿ ಸಮೇತ ಅಲ್ಲಾಡಿದರೆ ಡ್ಯಾಶ್‌ಬೋರ್ಡಿನ ಕೆಳಗಿನ ಬೋಲ್ಟ್ ಸಡಿಲ ಆಗಿದೆ ಅಥವಾ ಬ್ರ್ಯಾಕೆಟ್ ಬಿರುಕು ಬಿಟ್ಟಿದೆ. ಕಾಲಂ ಗಟ್ಟಿಯಾಗಿ ನಿಂತು ಸ್ಟೀರಿಂಗ್ ವೀಲ್ ಮತ್ತು ಶಾಫ್ಟ್ ಮಾತ್ರ ಅಲ್ಲಾಡಿದರೆ ಮೇಲಿನ ಬುಷ್, ಅಂದರೆ ಶಾಫ್ಟಿಗೆ ಆಧಾರ ಕೊಡುವ ಬಳೆ, ಸವೆದಿದೆ. ಶಾಫ್ಟ್ ಕದಲದೆ ವೀಲ್ ಮಾತ್ರ ಕುಲುಕಿದರೆ ನಡುವಿನ ನಟ್ ಸಡಿಲ.

ಆಮೇಲೆ ಸ್ಟೀರಿಂಗನ್ನು ನಿಮ್ಮ ಎದೆಯ ಕಡೆಗೆ ಎಳೆಯಿರಿ, ಮತ್ತೆ ದೂಡಿ. ಹೀಗೆ ಹಿಂದೆ ಮುಂದೆ ಚಲಿಸಬಾರದು. ಚಲಿಸಿದರೆ ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ.

ಕೊನೆಗೆ ಎಡ-ಬಲಕ್ಕೆ ತಿರುಗಿಸುವ ಪ್ಲೇ. ಇದನ್ನು ಕಣ್ಣಂದಾಜಿಗೆ ಬಿಡದೆ ಅಳೆಯುವುದು ಒಳ್ಳೆಯದು. ಮುಂದಿನ ಚಕ್ರಗಳು ನೇರ ಇರಲಿ. ಸ್ಟೀರಿಂಗಿನ ಅಂಚಿಗೆ ಒಂದು ತುಂಡು ಟೇಪ್ ಅಂಟಿಸಿ. ಅದರ ಪಕ್ಕಕ್ಕೆ ಬರುವಂತೆ ಡ್ಯಾಶ್‌ಬೋರ್ಡಿನಿಂದ ಒಂದು ಸ್ಕೇಲ್ ಚಾಚಿ ನಿಲ್ಲಿಸಿ. ಬಾಗಿಲು ತೆಗೆದು ಟೈರು ನೋಡುತ್ತಾ ಒಂದೇ ಬೆರಳಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ತಳ್ಳಿ. ಟೈರು ಅಲುಗಲು ಶುರುವಾದ ತಕ್ಷಣ ನಿಲ್ಲಿಸಿ ಗುರುತು ಮಾಡಿ. ಬಲಕ್ಕೂ ಹಾಗೇ. ಎರಡು ಗುರುತಿನ ನಡುವೆ 30 ಮಿಲಿಮೀಟರ್ ಒಳಗಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲೋ ಸವೆದಿದೆ ಅಥವಾ ಸಡಿಲ ಆಗಿದೆ. ನಮ್ಮ ಗಾಡಿಯಲ್ಲಿ ಅವತ್ತು 55 ಮಿಲಿಮೀಟರ್ ಬಂದಿತ್ತು. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಬೇಕಾಗುತ್ತದೆ.

ಇಬ್ಬರು ಬೇಕು

ಇದು ಒಬ್ಬರೇ ಮಾಡುವ ಕೆಲಸ ಅಲ್ಲ. ಒಬ್ಬರು ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಒಂದೊಂದು ಇಂಚು ಅಲ್ಲಾಡಿಸುತ್ತಾ ಇರಲಿ. ಟೈರು ತಿರುಗುವಷ್ಟು ಬೇಡ, ಪ್ಲೇ ಇರುವಷ್ಟೇ ಸಾಕು. ನೀವು ಮೇಲಿಂದ ಕೆಳಕ್ಕೆ ಒಂದೊಂದೇ ಜೋಡಣೆ ಮುಟ್ಟುತ್ತಾ ಹೋಗಿ.

ಮುಟ್ಟುವ ರೀತಿ ಹೀಗೆ: ಜೋಡಣೆಯ ಎರಡು ಭಾಗದ ಮೇಲೂ ಅಡ್ಡಲಾಗಿ ಬೆರಳಿಡಿ. ಮೇಲಿನ ಭಾಗ, ಕೆಳಗಿನ ಭಾಗ ಒಟ್ಟಿಗೇ ತಿರುಗಿದರೆ ಆ ಜೋಡಣೆ ಸರಿ ಇದೆ. ಮೇಲಿನದು ತಿರುಗಿ, ಕೆಳಗಿನದು ಚೂರು ತಡವಾಗಿ ಬಂದರೆ ಪ್ಲೇ ಅಲ್ಲೇ ಇದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಸದ್ದು ಕೇಳಿ ತೀರ್ಮಾನ ಮಾಡಬೇಡಿ. ಶಾಫ್ಟ್ ಉದ್ದಕ್ಕೂ ಸದ್ದು ಹರಿಯುತ್ತದೆ, ಕೆಳಗಿನ ಟಕ್ ಮೇಲೆ ಕೇಳಿಸುತ್ತದೆ.

ಪೆಡಲ್‌ಗಳ ಮೇಲ್ಗಡೆ ಜಾಗ ತುಂಬ ಇಕ್ಕಟ್ಟು. ಡ್ರೈವರ್ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಮ್ಯಾಟ್ ತೆಗೆದು ಒಂದು ಗೋಣಿಚೀಲ ಹಾಸಿಕೊಳ್ಳಿ. ಶಾಫ್ಟ್ ನೆಲ ತೂರಿ ಹೋಗುವಲ್ಲಿ ರಬ್ಬರ್ ಕವರ್ ಇದ್ದರೆ ಅದನ್ನು ಮೇಲಕ್ಕೆ ಸರಿಸಿ. ಹೆಡ್‌ಲ್ಯಾಂಪ್ ಥರ ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡು ಕೈಯೂ ಬಿಡುವಾಗಿರುತ್ತದೆ. ಕೆಂಪು ತುಕ್ಕಿನ ಪುಡಿ ಜಾಯಿಂಟಿನ ಸುತ್ತ ಉದುರಿದ್ದರೆ ಅಲ್ಲಿ ಲೋಹ ಲೋಹಕ್ಕೆ ಉಜ್ಜುತ್ತಿದೆ ಅಂತ ಅರ್ಥ.

ಒಳಗೆ ಎಲ್ಲ ಸರಿ ಇದ್ದರೆ ಹೊರಗೆ ಬನ್ನಿ. ಗಾಡಿಯ ಮುಂಭಾಗ ಜಾಕ್ ಹಾಕಿ ಎತ್ತಿ, ಕೆಳಗೆ ಆಕ್ಸಲ್ ಸ್ಟ್ಯಾಂಡ್ (ಗಾಡಿಯ ಭಾರ ಹೊರುವ ಗಟ್ಟಿ ಸ್ಟ್ಯಾಂಡ್) ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ಹೋಗಬೇಡಿ. ಟೈರನ್ನು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಪ್ಲೇ ಇದ್ದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ನೋಡಿ. ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದಾಗ ಅಲ್ಲಾಡಿದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎರಡೂ ಕಡೆಗೆ ಅಲ್ಲಾಡಿದರೆ ಮೊದಲ ಅನುಮಾನ ಬೇರಿಂಗ್ ಮೇಲೆ.

ಕೆಳಗಿನ ಜಾಯಿಂಟ್

ನನ್ನ ಅನುಭವದಲ್ಲಿ ಹಳೆ 800ಗಳಲ್ಲಿ ಮೊದಲು ನೋಡಬೇಕಾದ್ದು ಇದು. ಖರ್ಚಿಲ್ಲ, ಬಿಚ್ಚುವುದೂ ಸುಲಭ.

ಜಾಯಿಂಟ್ ಒಂದು ಸೀಳಿದ ಬಳೆಯ ಹಾಗಿದೆ. ಒಳಗೆ ಹಲ್ಲುಗಳಿವೆ. ಅಡ್ಡ ಬೋಲ್ಟ್ ಬಿಗಿ ಮಾಡಿದಾಗ ಬಳೆ ಮುಚ್ಚಿಕೊಂಡು ಶಾಫ್ಟನ್ನು ಕಚ್ಚುತ್ತದೆ. ಇನ್ನೊಂದು ವಿಷಯ ಇದೆ. ಶಾಫ್ಟಿನ ತುದಿಯಲ್ಲಿ ಅಡ್ಡಕ್ಕೆ ಕೊರೆದ ಒಂದು ಸಣ್ಣ ಹಳ್ಳ ಇರುತ್ತದೆ. ಬೋಲ್ಟ್ ಆ ಹಳ್ಳದ ಮೂಲಕವೇ ಹಾದುಹೋಗಬೇಕು. ಆಗ ಬೋಲ್ಟ್ ಸ್ವಲ್ಪ ಸಡಿಲ ಆದರೂ ಜಾಯಿಂಟ್ ಕಳಚಿಕೊಳ್ಳುವುದಿಲ್ಲ.

ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಸ್ಟೀರಿಂಗ್ ನೇರ ಇಟ್ಟು ಶಾಫ್ಟ್ ಮತ್ತು ಜಾಯಿಂಟ್ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆಯಿರಿ. ನಾನು ಮನೆಯಲ್ಲಿದ್ದ ನೇಲ್ ಪಾಲಿಶ್ ಬಳಸಿದೆ, ಎಣ್ಣೆ ತಾಗಿದರೂ ಅಳಿಸುವುದಿಲ್ಲ. ಈ ಗೆರೆ ಬಿಟ್ಟರೆ ಮತ್ತೆ ಜೋಡಿಸುವಾಗ ಒಂದು ಹಲ್ಲು ತಪ್ಪಿ ಸ್ಟೀರಿಂಗ್ ವಾರೆ ನಿಲ್ಲುತ್ತದೆ.

12 ನಂಬರ್ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಹಾಕಿ ಬೋಲ್ಟ್ ಬಿಚ್ಚಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಕಾಯಿರಿ. ಓಪನ್ ಸ್ಪ್ಯಾನರ್ ಹಾಕಿ ಒದ್ದಾಡಬೇಡಿ, ತಲೆ ಸವೆದುಹೋದರೆ ಆ ಇಕ್ಕಟ್ಟಿನಲ್ಲಿ ಇನ್ನೂ ಕಷ್ಟ. ಬೋಲ್ಟ್ ಪೂರ್ತಿ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ನಮ್ಮದರ ನಡುಭಾಗ ಒಂದು ಕಡೆ ಸವೆದು ಹೊಳೆಯುತ್ತಿತ್ತು. ಹಾಗಿದ್ದರೆ ಅದನ್ನೇ ಮತ್ತೆ ಹಾಕಬೇಡಿ. ಹೊಸದು ತನ್ನಿ, ಅದೇ ದಪ್ಪ, ಅದೇ ಉದ್ದ, ಅದೇ ದಾರ (ಥ್ರೆಡ್). ಸುಮ್ನೆ ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟ್ ಬೇಡ. ತಲೆಯ ಮೇಲೆ 8.8 ಅಂತ, ಅಂದರೆ ಗಟ್ಟಿತನದ ಗುರುತು, ಇರಲೇಬೇಕು. ಕಂಪನಿಯದೇ ಸಿಕ್ಕರೆ ಇನ್ನೂ ಒಳ್ಳೆಯದು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ.

ಹಲ್ಲುಗಳನ್ನು ಬ್ರಷ್ ಹಾಕಿ ಸ್ವಚ್ಛ ಮಾಡಿ. ಹಲ್ಲು ಚೂಪಾಗಿದ್ದರೆ, ಮುರಿದಿದ್ದರೆ, ಅಥವಾ ಜಾಯಿಂಟಿನ ನಡುವಿನ ಕ್ರಾಸ್ (ಎರಡು ಭಾಗವನ್ನು ಕೂಡಿಸುವ ಅಡ್ಡ ತುಂಡು) ಕೈಯಲ್ಲೇ ಅಲ್ಲಾಡಿದರೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಇಲ್ಲ. ಇಡೀ ಜಾಯಿಂಟ್ ಬದಲಾಯಿಸಿ. ಸೀಳಿನಲ್ಲಿ ತಗಡು ತುಂಬಿಸಿ ಬಿಗಿ ಮಾಡುವುದು, ಜಾಯಿಂಟಿಗೆ ವೆಲ್ಡಿಂಗ್ ಹೊಡೆಸುವುದು, ಇವೆರಡನ್ನೂ ನೋಡಿದ್ದೇನೆ. ಎರಡೂ ಪ್ರಾಣಕ್ಕೆ ಕುತ್ತು.

ಗೆರೆಗೆ ಗೆರೆ ಸೇರಿಸಿ ಜಾಯಿಂಟ್ ಕೂರಿಸಿ. ಈಗ ಬೋಲ್ಟನ್ನು ಬರಿಗೈಯಲ್ಲಿ ಒಳಗೆ ದೂಡಿ. ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಶಾಫ್ಟಿನ ಹಳ್ಳ ರಂಧ್ರಕ್ಕೆ ಎದುರು ಬಂದಿಲ್ಲ, ಜಾಯಿಂಟನ್ನು ಇನ್ನೂ ಎರಡು ಮೂರು ಮಿಲಿಮೀಟರ್ ಸರಿಸಬೇಕು. ಇಲ್ಲಿ ಸುತ್ತಿಗೆ ಎತ್ತಬೇಡಿ. ಬಡಿದು ಕೂರಿಸಿದ ಬೋಲ್ಟ್ ಹಲ್ಲನ್ನು ತಿಂದುಹಾಕುತ್ತದೆ. ನಮ್ಮ ಗಾಡಿಯಲ್ಲಿ ಹಿಂದೆ ಯಾರೋ ಹಾಗೆ ಮಾಡಿದ್ದರು ಅಂತ ನನಗೆ ಅನಿಸುತ್ತದೆ.

ಬಿಗಿ ಸುಮಾರು 25 ನ್ಯೂಟನ್ ಮೀಟರ್ ಇರಬೇಕು. ಬಿಗಿ ಅಳೆಯುವ ಟಾರ್ಕ್ ರೆಂಚ್ ಬಾಡಿಗೆಗೋ ಎರವಲಿಗೋ ಸಿಕ್ಕರೆ ಅದನ್ನೇ ಬಳಸಿ. ಅಂದಾಜಿಗೆ ಹೇಳುವುದಾದರೆ, 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 12-13 ಕೆಜಿ ಎಳೆತ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದ 20 ಲೀಟರಿನ ನೀರಿನ ಕ್ಯಾನ್ ಎತ್ತುವಷ್ಟು ಬಲ. ಸ್ಪ್ಯಾನರಿಗೆ ಪೈಪ್ ತೂರಿಸಿ ಎಳೆಯಬೇಡಿ, ಬೋಲ್ಟ್ ತುಂಡಾಗುತ್ತದೆ. ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಜಾಯಿಂಟಿನ ಮೇಲಕ್ಕೆ ಒಂದು ಸಣ್ಣ ಗೆರೆ ಎಳೆಯಿರಿ. ಮುಂದೆ ಬೋಲ್ಟ್ ತಿರುಗಿದೆಯೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಮೇಲಿನ ತುದಿಯಲ್ಲೂ ಇಂಥದೇ ಬೋಲ್ಟ್ ಇದ್ದರೆ ಅದನ್ನೂ ನೋಡಿ. ಆದರೆ ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ.

ಕಾಲಂ ಬ್ರ್ಯಾಕೆಟ್

ಕಾಲಂ ಪೂರ್ತಿ ಅಲ್ಲಾಡುತ್ತಿದ್ದರೆ ಪ್ಲಾಸ್ಟಿಕ್ ಕವರ್ ತೆಗೆದು ಡ್ಯಾಶ್‌ಬೋರ್ಡಿನ ಕೆಳಗೆ ಬೋಲ್ಟ್‌ಗಳನ್ನು ಹುಡುಕಿ. ಸ್ಟೀರಿಂಗ್ ಹತ್ತಿರ ಒಂದು ಜೋಡಿ, ಪೆಡಲ್ ಕಡೆಗೆ ಇನ್ನೊಂದು. ಎಲ್ಲವನ್ನೂ ಮೊದಲು ಕೈಬಿಗಿ ಮಾಡಿ, ಆಮೇಲೆ ಅಡ್ಡಡ್ಡ ಒಂದೊಂದಾಗಿ ಬಿಗಿ ಮಾಡುತ್ತಾ ಬನ್ನಿ. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಕಾಲಂ ವಾರೆಯಾಗಿ ಸ್ಟೀರಿಂಗ್ ಗಡುಸಾಗುತ್ತದೆ. ಇಲ್ಲಿ 14 ನ್ಯೂಟನ್ ಮೀಟರ್ ಸಾಕು, ಜಾಯಿಂಟಿನ ಅರ್ಧಕ್ಕಿಂತ ಚೂರು ಜಾಸ್ತಿ.

ಬಿಗಿ ಮಾಡಿದ ಮೇಲೂ ಅಲ್ಲಾಡಿದರೆ ಬ್ರ್ಯಾಕೆಟಿನ ವೆಲ್ಡ್ ಸುತ್ತ ಟಾರ್ಚ್ ಬಿಟ್ಟು ನೋಡಿ. ಕೂದಲೆಳೆಯಂಥ ಬಿರುಕು ಇದ್ದೀತು. ಹಾಗಿದ್ದರೆ ಕಾಲಂ ಬದಲಾಯಿಸುವುದೇ ದಾರಿ. ಬೋಲ್ಟ್ ಸುತ್ತುತ್ತಲೇ ಇದ್ದು ಬಿಗಿ ಆಗದಿದ್ದರೆ ಒಳಗಿನ ದಾರ ಹೋಗಿದೆ, ಅದನ್ನು ಲೇತ್ ಕೆಲಸದವರ ಹತ್ತಿರ ಮತ್ತೆ ಹೊಡೆಸಬಹುದು. ಕೀ ಹಾಕುವ ಲಾಕಿನ ಹಿಂದೆ ತಲೆ ಮುರಿದಂತೆ ಕಾಣುವ ಎರಡು ಬೋಲ್ಟ್ ಇರುತ್ತವೆ. ಕಳ್ಳರು ಬಿಚ್ಚಬಾರದು ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ, ಮುಟ್ಟಬೇಡಿ.

ಮೇಲಿನ ಬುಷ್

ಇದಕ್ಕೆ ಸ್ಟೀರಿಂಗ್ ವೀಲ್ ಬಿಚ್ಚಬೇಕು. ಬ್ಯಾಟರಿ ತೆಗೆದಿದ್ದೀರಿ ಅಲ್ವಾ? ಹಾರ್ನ್ ಪ್ಯಾಡನ್ನು ಮೆಲ್ಲಗೆ ಎಬ್ಬಿಸಿ ವೈರ್ ಬಿಡಿಸಿ. ವೀಲ್ ಮತ್ತು ಶಾಫ್ಟಿಗೆ ಸೇರಿಸಿ ಗೆರೆ ಎಳೆಯಿರಿ. ನಟ್ ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯಬೇಡಿ. ಎರಡು ಸುತ್ತು ದಾರದ ಮೇಲೇ ಇರಲಿ. ಎರಡೂ ಕೈಯಲ್ಲಿ ವೀಲ್ ಹಿಡಿದು ಒಮ್ಮೆ ಎಡಬದಿ, ಒಮ್ಮೆ ಬಲಬದಿ ಎಳೆಯುತ್ತಾ ಹೋದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ನಟ್ ಇದ್ದರೆ ಅಲ್ಲೇ ತಡೆಯುತ್ತದೆ, ಇಲ್ಲದಿದ್ದರೆ ನೇರ ಮೂಗಿಗೆ.

ಬರದೇ ಹೋದರೆ ಪುಲ್ಲರ್ (ವೀಲ್ ಎಳೆದು ತೆಗೆಯುವ ಸಾಧನ) ಹಾಕಿ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯಬೇಡಿ. ಒಳಗಿನ ಬುಷ್ ಜಜ್ಜಿಹೋಗುತ್ತದೆ. ಅಪಘಾತದಲ್ಲಿ ಕುಗ್ಗುವಂತೆ ಮಾಡಿದ ಕಾಲಂ ಇರುವ ಗಾಡಿಗಳಲ್ಲಿ ಒಳಗಿನ ಪ್ಲಾಸ್ಟಿಕ್ ಪಿನ್‌ಗಳೂ ಮುರಿಯುತ್ತವೆ.

ಇಂಡಿಕೇಟರ್ ಸ್ವಿಚ್ ಜೋಡಣೆ ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸವೆದ ಬುಷ್ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಹೊಸದಕ್ಕೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿ. ವಾಪಸ್ ಹಾಕುವಾಗ ಇಂಡಿಕೇಟರ್ ಕಡ್ಡಿ ನಡುವಿನಲ್ಲಿರಲಿ, ಇಲ್ಲದಿದ್ದರೆ ಅದನ್ನು ವಾಪಸ್ ತಳ್ಳುವ ಪ್ಲಾಸ್ಟಿಕ್ ಮುರಿಯುತ್ತದೆ. ನಟ್ಟಿಗೆ 25ರಿಂದ 40 ನ್ಯೂಟನ್ ಮೀಟರ್.

ರ‍್ಯಾಕ್ ಮತ್ತು ಟೈ ರಾಡ್

ಟೈ ರಾಡ್ ಎಂಡ್ ಬದಲಾಯಿಸುವಾಗ ಹಳೆಯದು ಎಷ್ಟು ಸುತ್ತು ತಿರುಗಿಸಿದಾಗ ಹೊರಗೆ ಬಂತು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಆಮೇಲೆ ನೇರ ಅಲೈನ್‌ಮೆಂಟಿಗೆ ಹೋಗಿ, ಎಷ್ಟು ಸರಿಯಾಗಿ ಎಣಿಸಿದ್ದರೂ ಹೋಗಲೇಬೇಕು.

ರ‍್ಯಾಕಿನಲ್ಲಿ ಒಂದು ಅಡ್ಜಸ್ಟ್ ಸ್ಕ್ರೂ ಇರುತ್ತದೆ. ಪ್ಲೇ ಇದೆ ಅಂದ ತಕ್ಷಣ ಇದನ್ನೇ ತಿರುಗಿಸುವವರು ತುಂಬಾ ಜನ. ನನ್ನ ಮಾತು ಕೇಳಿದರೆ ಇದು ಕೊನೆಯ ಕೆಲಸ, ಉಳಿದದ್ದೆಲ್ಲ ಸರಿ ಇದೆ ಅಂತ ಖಾತ್ರಿ ಆದ ಮೇಲೆ ಮಾತ್ರ. ಮೊದಲಿನ ಜಾಗಕ್ಕೆ ಗುರುತು ಹಾಕಿ, ಲಾಕ್ ನಟ್ ಬಿಡಿಸಿ, ಒಂದು ಸುತ್ತಿನ ಎಂಟರಲ್ಲಿ ಒಂದು ಭಾಗ ಮಾತ್ರ ಬಿಗಿ ಮಾಡಿ. ಲಾಕ್ ನಟ್ ಮತ್ತೆ ಬಿಗಿ ಮಾಡಿ, ಚಕ್ರ ಎತ್ತಿಯೇ ಇರುವಾಗ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಲ್ಲಾದರೂ ಹಿಡಿದಂತೆ ಆದರೆ ವಾಪಸ್ ಬಿಡಿ. ರ‍್ಯಾಕಿನ ನಡುಭಾಗ ಜಾಸ್ತಿ ಸವೆದಿರುತ್ತದೆ, ತುದಿಗಳು ಕಡಿಮೆ. ನಡುವಿಗೆ ಸರಿ ಆಗುವಷ್ಟು ಬಿಗಿ ಮಾಡಿದರೆ ಪೂರ್ತಿ ತಿರುವಿನಲ್ಲಿ ಸ್ಟೀರಿಂಗ್ ಸಿಕ್ಕಿಹಾಕಿಕೊಳ್ಳಬಹುದು. ಹಾಗಾದರೆ ರ‍್ಯಾಕ್ ಬದಲಾಯಿಸಬೇಕು.

ಓಡಿಸಿ ನೋಡುವುದು

ಮೊದಲು ನಿಂತಲ್ಲೇ 30 ಮಿಲಿಮೀಟರ್ ಪರೀಕ್ಷೆ ಮತ್ತೆ ಮಾಡಿ. ನಮ್ಮದು 55ರಿಂದ 18ಕ್ಕೆ ಇಳಿಯಿತು. ಹಾರ್ನ್, ಇಂಡಿಕೇಟರ್, ಸ್ಟೀರಿಂಗ್ ಲಾಕ್ ಎಲ್ಲ ಕೆಲಸ ಮಾಡುತ್ತಿವೆಯಾ ನೋಡಿ.

ಆಮೇಲೆ ಖಾಲಿ ರಸ್ತೆ ಅಥವಾ ಮೈದಾನದಲ್ಲಿ ನಡೆಯುವಷ್ಟೇ ನಿಧಾನಕ್ಕೆ ಓಡಿಸಿ. ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ತಿರುವಿನಿಂದ ಹೊರಬರುವಾಗ ಹಿಡಿತ ಸ್ವಲ್ಪ ಬಿಟ್ಟರೆ ಸ್ಟೀರಿಂಗ್ ತಾನೇ ನೇರ ಆಗಬೇಕು. ಆಗದಿದ್ದರೆ ಎಲ್ಲೋ ಜಾಸ್ತಿ ಬಿಗಿಯಾಗಿದೆ. 20, 30, 40 ಕಿಲೋಮೀಟರ್ ವೇಗಕ್ಕೆ ಹಂತ ಹಂತವಾಗಿ ಹೋಗಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಆರ್‌ಟಿಒಗೆ ಒಯ್ಯುವವರಿದ್ದರೆ ಈ ಕೆಲಸ ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ.

ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಗೋಣಿಚೀಲ ಹಾಸಿ, ಟಾರ್ಚ್ ಬಿಟ್ಟು ಆ ನೇಲ್ ಪಾಲಿಶ್ ಗೆರೆ ನೋಡಿ. ಬೋಲ್ಟಿನ ತಲೆಯ ಗೆರೆ ಮತ್ತು ಜಾಯಿಂಟಿನ ಗೆರೆ ಒಂದಕ್ಕೊಂದು ಕೂಡಿಯೇ ಇರಬೇಕು. ನಾನು ಪ್ರತಿ ಸಲ ಎಂಜಿನ್ ಆಯಿಲ್ ಬದಲಾಯಿಸುವಾಗಲೂ ಅದನ್ನು ನೋಡುತ್ತೇನೆ. ಮೂರು ವರ್ಷ ಆಯಿತು, ಗೆರೆ ಹಾಗೇ ಇದೆ.